ಆಮಿಶ್ ನಾಯಕಿಯೂ ನಮ್ಮ ಫಣಿಯಮ್ಮನೂ

ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳಲ್ಲಿ, ಪಿಯುಸಿ ಗೈಡುಗಳಿಗೂ ಎಂಜಿನಿಯರಿಂಗ್ ಪಠ್ಯಗಳಿಗೂ ನಡುವೆ, ಆಗಾಗ ಒಂದೇ ಬಗೆಯ ಮುಖಪುಟದ ಇಂಗ್ಲಿಷ್ ಕಾದಂಬರಿಗಳು ಸಿಗುತ್ತವೆ. ತಲೆಗೆ ತೆಳು ಬಿಳಿ ಟೋಪಿ ಕಟ್ಟಿದ ತರುಣಿ, ತಗ್ಗಿಸಿದ ನೋಟ, ಹಿಂದೆ ಹಸಿರು ಹೊಲ, ದೂರದಲ್ಲಿ ಕುದುರೆಗಾಡಿ. ಬಿನ್ನಿಪೇಟೆ, ಚಾಮರಾಜಪೇಟೆಯ ಕೆಲವು ಕ್ರೈಸ್ತ ಮನೆಗಳ ಕಪಾಟಿನಲ್ಲೂ ಇವನ್ನು ಕಂಡಿದ್ದೇನೆ. ಪಕ್ಕದಲ್ಲೇ ದಿನಕ್ಕೊಂದು ಪುಟದ ಧ್ಯಾನದ ಪುಸ್ತಕ, ತಾನು ನಂಬಿಕೆಗೆ ಬಂದ ಬಗೆಯನ್ನು ಹೇಳುವ ಯಾರದೋ ಸಾಕ್ಷಿಯ ಪುಸ್ತಕ, ಕಷ್ಟದಲ್ಲಿ ಧೈರ್ಯ ಹೇಳುವ ಪುಸ್ತಕ. ವಿಮರ್ಶಕರು ಇವನ್ನು ಮುಟ್ಟುವುದಿಲ್ಲ. ಓದುವವರು ಇವನ್ನು ಪ್ರಶ್ನಿಸುವುದಿಲ್ಲ. ಎರಡೂ ಸರಿಯಲ್ಲ. ಕಾಯಿಲೆಯ ಮನೆಯಲ್ಲಿ, ಸಾವಿನ ಮನೆಯಲ್ಲಿ, ದುಡಿಯುವವರ ಕೆಲಸ ಹೋದ ಮನೆಯಲ್ಲಿ ಜನ ಕೈಗೆತ್ತಿಕೊಳ್ಳುವ ಪುಸ್ತಕವನ್ನು ಉಳಿದೆಲ್ಲ ಪುಸ್ತಕಗಳಿಗಿಂತ ಹೆಚ್ಚು ಎಚ್ಚರದಿಂದ ಓದಬೇಕು.

ಆ ಬಿಳಿ ಟೋಪಿಯ ಜನ ಯಾರು ಎಂಬುದನ್ನು ಮೊದಲು ಹೇಳುತ್ತೇನೆ. 16ನೇ ಶತಮಾನದ ಯುರೋಪಿನಲ್ಲಿ, ಹಸುಗೂಸಿಗೆ ಕೊಡುವ ದೀಕ್ಷಾಸ್ನಾನ ಸಲ್ಲದು, ತಿಳಿವಳಿಕೆ ಬಂದವರು ತಾವಾಗಿ ಒಪ್ಪಿ ಪಡೆಯಬೇಕು ಎಂದ ಕ್ರೈಸ್ತರ ಗುಂಪೊಂದು ಹುಟ್ಟಿಕೊಂಡಿತು. ಕತ್ತಿ ಹಿಡಿಯುವುದಿಲ್ಲ, ಆಣೆ ಇಡುವುದಿಲ್ಲ ಎಂದೂ ಅವರು ಹಟ ಹಿಡಿದರು. ಕ್ಯಾಥೊಲಿಕ್ ಅರಸರೂ ಪ್ರಾಟೆಸ್ಟೆಂಟ್ ನಗರಗಳೂ ಅವರನ್ನು ಸುಟ್ಟರು, ನದಿಯಲ್ಲಿ ಮುಳುಗಿಸಿದರು. ಬದುಕಿ ಉಳಿದವರ ಒಂದು ಕವಲು ಮೆನೊನೈಟರು. ಶಿಸ್ತು ಸಡಿಲವಾಯಿತೆಂದು 1693ರಲ್ಲಿ ಸ್ವಿಸ್ ಮೆನೊನೈಟರಿಂದ ಬೇರೆಯಾದ ಯಾಕೋಬ್ ಅಮ್ಮಾನನ ಹಿಂಬಾಲಕರು ಆಮಿಶರು. 18ನೇ ಶತಮಾನದಲ್ಲಿ ಅವರು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದರು. ಇಂದು ಅವರ ಸಂಖ್ಯೆ ಸುಮಾರು 4 ಲಕ್ಷ. ಮನೆಗೆ ವಿದ್ಯುತ್ ತಂತಿ ಎಳೆಸುವುದಿಲ್ಲ, ಕಾರು ಇಟ್ಟುಕೊಳ್ಳುವುದಿಲ್ಲ, ಮನೆಯಲ್ಲಿ ಜರ್ಮನ್ ಮೂಲದ ಒಂದು ಆಡುನುಡಿ ಮಾತಾಡುತ್ತಾರೆ, ಎಂಟನೇ ತರಗತಿಗೆ ಓದು ನಿಲ್ಲಿಸುತ್ತಾರೆ. ಉಡುಪಿನಿಂದ ಹಿಡಿದು ಗಾಡಿಯ ಬಣ್ಣದವರೆಗೆ ಸಭೆ ಹಾಕಿಕೊಂಡ ಕಟ್ಟಳೆ ಇದೆ. ದೀಕ್ಷೆ ಪಡೆದ ಮೇಲೆ ಕಟ್ಟಳೆ ಮುರಿದವರಿಗೆ ಬಹಿಷ್ಕಾರ.

ಈ ಜನರ ಮೇಲೆ ಕಾದಂಬರಿ ಬರೆಯುವುದು ಹೊಸದಲ್ಲ. ಆದರೆ ಅದೊಂದು ಮಾರುಕಟ್ಟೆಯಾದದ್ದು 1997ರಲ್ಲಿ, ಬೆವರ್ಲಿ ಲೂಯಿಸ್ ಬರೆದ 'ದಿ ಶನ್ನಿಂಗ್' ಬಂದ ಮೇಲೆ. ಮದುವೆಯ ಹೊಸ್ತಿಲಲ್ಲಿರುವ ಆಮಿಶ್ ಹುಡುಗಿಯೊಬ್ಬಳಿಗೆ ತಾನು ದತ್ತುಮಗಳೆಂದು ತಿಳಿಯುತ್ತದೆ, ಅಲ್ಲಿಂದ ಕಥೆ. ಲೇಖಕಿಯ ಅಜ್ಜಿ ಇಂಥದೇ ಕಟ್ಟುನಿಟ್ಟಿನ ಮೆನೊನೈಟ್ ಸಭೆಯನ್ನು ಬಿಟ್ಟು ಬಂದು ಮದುವೆಯಾದವರು. ಕಾದಂಬರಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ವಾಂಡಾ ಬ್ರನ್‌ಸ್ಟೆಟರ್, ಸಿಂಡಿ ವುಡ್ಸ್‌ಮಾಲ್ ಮುಂತಾದವರು ಹಿಂದೆಯೇ ಬಂದರು. 2012ರ ಹೊತ್ತಿಗೆ ಸರಾಸರಿ ನಾಲ್ಕು ದಿನಕ್ಕೊಂದು ಹೊಸ ಆಮಿಶ್ ಪ್ರೇಮ ಕಾದಂಬರಿ ಅಚ್ಚಾಗುತ್ತಿತ್ತು ಎಂದು ಈ ವಿಷಯದ ಮೇಲೆಯೇ ಅಧ್ಯಯನ ಗ್ರಂಥ ಬರೆದ ವ್ಯಾಲೆರಿ ವೀವರ್-ಝರ್ಚರ್ ಲೆಕ್ಕ ಕೊಡುತ್ತಾರೆ. ಬರೆದವರಲ್ಲಿ ಬಹುಪಾಲು ಆಮಿಶರಲ್ಲ. ಹೊರಗಿನ ಇವ್ಯಾಂಜೆಲಿಕಲ್ ಸಭೆಗಳ ಕ್ರೈಸ್ತ ಹೆಂಗಸರು. ಓದುವವರೂ ಹೆಚ್ಚಾಗಿ ಅವರೇ.

ಹೆಂಗಸರು ಬರೆದು ಹೆಂಗಸರು ಓದುವುದೆಂದ ಮೇಲೆ ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಕನ್ನಡದಲ್ಲಿ ಇದು ನಮಗೆ ಗೊತ್ತಿರುವ ಕಥೆ. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಬರೆಯುತ್ತಿದ್ದ ಕಾಲದಲ್ಲಿ 'ಅಡುಗೆಮನೆ ಸಾಹಿತ್ಯ' ಎಂದು ಬದಿಗೆ ಸರಿಸಿದ ವಿದ್ವಾಂಸರಿದ್ದರು. ಬಾಡಿಗೆ ಗ್ರಂಥಾಲಯಗಳಿಂದ ಆ ಕಾದಂಬರಿಗಳನ್ನು ತಂದು, ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಓದಿದವರಿಗೆ ಅವು ಕೊಟ್ಟದ್ದೇನೆಂದು ಆ ವಿದ್ವಾಂಸರು ಕೇಳಲಿಲ್ಲ. ಆಮಿಶ್ ಕಾದಂಬರಿಯ ವಿಷಯದಲ್ಲಿ ಅದೇ ತಪ್ಪನ್ನು ನಾವು ಮಾಡುವುದು ಬೇಡ.

ಅವು ಕೊಡುವುದು ಕಡಿಮೆಯೇನಲ್ಲ. ಅವುಗಳಲ್ಲಿ ಮನೆಗೆಲಸಕ್ಕೆ ಘನತೆ ಇದೆ. ರೊಟ್ಟಿ ಬೇಯಿಸುವುದು, ಕೌದಿ ಹೊಲಿಯುವುದು, ಕೊಟ್ಟಿಗೆ ಗುಡಿಸುವುದು ಕಥೆಯನ್ನು ನಡೆಸುವ ಕೆಲಸಗಳೇ ಆಗಿರುತ್ತವೆ. ಒಬ್ಬರ ಕಣಜ ಸುಟ್ಟುಹೋದರೆ ಊರೆಲ್ಲ ಸೇರಿ ಮತ್ತೆ ಕಟ್ಟಿಕೊಡುತ್ತದೆ. ಮುದುಕರು ಮನೆಯಲ್ಲೇ ಸಾಯುತ್ತಾರೆ, ಹತ್ತಿರದವರ ಕೈ ಹಿಡಿದುಕೊಂಡು. ಪ್ರೇಮವಿದೆ, ಅಶ್ಲೀಲವಿಲ್ಲ, ತಾಯಿ ಓದಿ ಮಗಳಿಗೆ ಕೊಡಬಹುದು, ಮಗಳು ಓದಿ ಅಜ್ಜಿಗೆ ಕೊಡಬಹುದು. ಒಂದು ತಪ್ಪು ಮಾಡಿದವಳು ಜನ್ಮಪೂರ್ತಿ ತಪ್ಪಿತಸ್ಥೆಯಾಗಿ ಉಳಿಯಬೇಕಾಗಿಲ್ಲ ಎಂಬ ನಂಬಿಕೆ ಹೆಚ್ಚುಕಡಿಮೆ ಪ್ರತಿ ಪುಸ್ತಕದ ಒಳಗೂ ಇದೆ. ದಿನವಿಡೀ ಮೊಬೈಲ್ ಸದ್ದಿನಲ್ಲಿ, ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಬಳಲಿ ಬಂದವಳಿಗೆ ಇಂಥ ಊರೊಂದರಲ್ಲಿ ಎರಡು ಗಂಟೆ ಕೂತು ಬರಬೇಕೆನಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕ್ಷಮೆಯ ಮಾತು ಬಂದಾಗ ಕಾದಂಬರಿಗಿಂತ ದೊಡ್ಡದೊಂದು ನಿಜಸಂಗತಿ ಇದೆ. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್ ಎಂಬ ಹಳ್ಳಿಯ ಆಮಿಶ್ ಶಾಲೆಗೆ, ಹಾಲಿನ ಲಾರಿ ಓಡಿಸುತ್ತಿದ್ದ ನೆರೆಹೊರೆಯವನೊಬ್ಬ ಬಂದೂಕು ಹಿಡಿದು ನುಗ್ಗಿದ. ಹತ್ತು ಹುಡುಗಿಯರಿಗೆ ಗುಂಡು ಹೊಡೆದು ತಾನೂ ಸತ್ತ. ಐವರು ಹುಡುಗಿಯರು ತೀರಿಕೊಂಡರು. ಅದೇ ದಿನ ಸಂಜೆ ಆಮಿಶ್ ಹಿರಿಯರು ಕೊಂದವನ ಹೆಂಡತಿಯ ಬಳಿಗೆ ಹೋಗಿ ನಿಮ್ಮ ಮೇಲೆ ನಮಗೆ ದ್ವೇಷವಿಲ್ಲ ಎಂದರು. ಅವನ ಮಣ್ಣಿಗೂ ಹೋದರು. ತಮಗೆ ಹರಿದುಬಂದ ಸಹಾಯಧನದಲ್ಲಿ ಅವನ ಕುಟುಂಬಕ್ಕೂ ಪಾಲು ಕೊಟ್ಟರು. ಇದನ್ನು ಕುರಿತು 'ಆಮಿಶ್ ಗ್ರೇಸ್' ಎಂಬ ಪುಸ್ತಕ ಬರೆದ ಮೂವರು ವಿದ್ವಾಂಸರು ಒಂದು ಮುಖ್ಯ ಸಂಗತಿ ಗುರುತಿಸುತ್ತಾರೆ: ಆ ಕ್ಷಮೆ ಒಂದೇ ದಿನ ಮುಗಿದ ಕೆಲಸವಲ್ಲ. ಬಾಯಲ್ಲಿ ಕ್ಷಮಿಸಿದ್ದನ್ನು ಮನಸ್ಸು ಒಪ್ಪಲು ತಂದೆತಾಯಿ ಮತ್ತೆ ಮತ್ತೆ ಹೆಣಗಬೇಕಾಯಿತು.

ಆಮಿಶ್ ಕಾದಂಬರಿ ಸೋಲುವುದು ಇಲ್ಲಿಯೇ. ಕ್ಷಮೆಯನ್ನು ಅದು ಕೊನೆಯ ಅಧ್ಯಾಯದಲ್ಲಿ ಕೊಡುತ್ತದೆ, ಹೆಣಗಾಟದ ವರ್ಷಗಳನ್ನು ಬಿಟ್ಟುಬಿಡುತ್ತದೆ. ಇನ್ನೊಂದು ಮೋಸ ಇದಕ್ಕಿಂತ ಆಳದ್ದು. ಆಮಿಶರ ನಂಬಿಕೆಯ ತಿರುಳು ವಿಧೇಯತೆ: ನಾನು ಎಂಬುದನ್ನು ಸಭೆಗೆ ಒಪ್ಪಿಸಿ, ದೇವರ ಮುಂದೆ ತಗ್ಗಿ, ನನಗೆ ರಕ್ಷಣೆ ಸಿಕ್ಕಿತು ಎಂದು ಹೇಳಿಕೊಳ್ಳುವುದನ್ನೂ ಅಹಂಕಾರವೆಂದು ಬಗೆದು ಬದುಕುವುದು. ಹೊರಗಿನ ಲೇಖಕಿಯರ ಸಭೆಗಳ ನಂಬಿಕೆ ಬೇರೆ: ಪ್ರತಿಯೊಬ್ಬರೂ ಒಂಟಿಯಾಗಿ ಕ್ರಿಸ್ತನನ್ನು ಕಂಡುಕೊಂಡು, ಕಂಡೆನೆಂದು ಸಾಕ್ಷಿ ಹೇಳಬೇಕು. ಹೀಗಾಗಿ ಅನೇಕ ಕಾದಂಬರಿಗಳಲ್ಲಿ ಆಮಿಶ್ ಹುಡುಗಿ ಟೋಪಿಯನ್ನು ಆಮಿಶಳಂತೆ ಕಟ್ಟಿಕೊಂಡು, ಒಳಗೆ ಇವ್ಯಾಂಜೆಲಿಕಲ್ ಸಭೆಯ ಹುಡುಗಿಯಂತೆ ಪ್ರಾರ್ಥಿಸುತ್ತಾಳೆ. ಲೇಖಕಿಗೆ ಬೇಕಾದದ್ದು ಆ ಜನರ ಹೊಲ, ಗಾಡಿ, ಅಡುಗೆ. ಅವರ ದೇವರನ್ನು ಮಾತ್ರ ಸದ್ದಿಲ್ಲದೆ ಬದಲಾಯಿಸಿಬಿಡುತ್ತಾಳೆ. ಒಂದು ಧರ್ಮದ ಬಗ್ಗೆ ಗೌರವವಿಟ್ಟುಕೊಂಡೇ ಅದಕ್ಕೆ ಮಾಡಬಹುದಾದ ಅನ್ಯಾಯ ಇದು.

ಶಾಲೆಯ ಪ್ರಶ್ನೆ ಇನ್ನೂ ಕಷ್ಟದ್ದು. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವಿಸ್ಕಾನ್ಸಿನ್ ವಿರುದ್ಧ ಯೋಡರ್ ಮೊಕದ್ದಮೆಯಲ್ಲಿ, ಎಂಟನೇ ತರಗತಿಯ ಮೇಲೆ ಆಮಿಶ್ ಮಕ್ಕಳನ್ನು ಶಾಲೆಗೆ ಕಳಿಸೆಂದು ಸರ್ಕಾರ ಒತ್ತಾಯ ಮಾಡುವಂತಿಲ್ಲ ಎಂದಿತು. ಧಾರ್ಮಿಕ ಸ್ವಾತಂತ್ರ್ಯದ ದೊಡ್ಡ ತೀರ್ಪು ಅದು. ಅದೇ ಪೀಠದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಭಾಗಶಃ ಭಿನ್ನಮತ ಬರೆದು, ಮಕ್ಕಳ ಇಚ್ಛೆಯನ್ನೂ ಕೇಳಬೇಕಲ್ಲವೇ ಎಂಬ ಪ್ರಶ್ನೆ ಎತ್ತಿದರು. ಎಂಟನೇ ತರಗತಿಗೆ ನಿಂತ ಹುಡುಗಿ ಮುಂದೊಂದು ದಿನ ಸಭೆ ಬಿಟ್ಟು ಹೊರಬಂದರೆ ಎಲ್ಲಿಗೆ ಹೋಗಬೇಕು, ಯಾವ ಕೆಲಸ ಮಾಡಬೇಕು? ಆಮಿಶ್ ಮನೆಗಳೊಳಗಿನ ಲೈಂಗಿಕ ದೌರ್ಜನ್ಯದ ಬಗ್ಗೆ ಈಚಿನ ವರ್ಷಗಳಲ್ಲಿ ಪತ್ರಕರ್ತರು ವಿವರವಾದ ವರದಿಗಳನ್ನು ಮಾಡಿದ್ದಾರೆ. ತಪ್ಪಿತಸ್ಥನು ಸಭೆಯ ಮುಂದೆ ಮೊಣಕಾಲೂರಿ ತಪ್ಪೊಪ್ಪಿಕೊಂಡರೆ ಮುಗಿಯಿತು, ನೊಂದವಳು ಕ್ಷಮಿಸಲೇಬೇಕು, ಪೊಲೀಸರ ಬಳಿ ಹೋಗಕೂಡದು: ಅಲ್ಲಿ ಹಾಗೆ ನಡೆದದ್ದುಂಟು. ನಿಕಲ್ ಮೈನ್ಸಿನಲ್ಲಿ ಲೋಕವೇ ಕೈಮುಗಿದ ಕ್ಷಮೆಯೂ ಇದೂ ಒಂದೇ ಮನೆಯಲ್ಲಿ ಇರುತ್ತವೆ. ನಿಜವಾದ ಕಾದಂಬರಿಗೆ ಬೇಕಾದ ವಸ್ತು ಇದೇ ಆಗಿತ್ತು. ಮಾರಾಟವಾಗುವ ಆಮಿಶ್ ಕಾದಂಬರಿ ಇದರ ಪಕ್ಕದಲ್ಲಿ ಹಾದುಹೋಗುತ್ತದೆ.

ಕನ್ನಡದವರಿಗೆ ಇದನ್ನು ಅಳೆಯಲು ಒಳ್ಳೆಯ ಅಳತೆಗೋಲು ಇದೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂತು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಮಲೆನಾಡಿನ ಸಂಪ್ರದಾಯಸ್ಥ ಬ್ರಾಹ್ಮಣ ಮನೆ, ಬಾಲ್ಯದಲ್ಲೇ ವಿಧವೆಯಾದ ಹುಡುಗಿ, ಬೋಳಿಸಿದ ತಲೆ, ಒಪ್ಪೊತ್ತಿನ ಊಟ, ಮಡಿ. ಹೊರಗಿನಿಂದ ನೋಡಿದರೆ ಆಮಿಶ್ ಕಾದಂಬರಿಯ ಸಾಮಗ್ರಿಯೇ: ಕಟ್ಟಳೆಯಿಂದ ಸುತ್ತುವರಿದ ಸಮುದಾಯ, ದೈವಭಕ್ತೆ, ಯಾರಿಗೂ ಕೆಡುಕು ಬಯಸದ ಹೆಣ್ಣು, ಕೈತುಂಬ ಮನೆಗೆಲಸ. ಇಂದಿರಾ ಆಕೆಯನ್ನು ಪ್ರೀತಿಯಿಂದ ಬರೆಯುತ್ತಾರೆ. ಆಕೆ ಅವರ ಮನೆತನದಲ್ಲೇ ಬಾಳಿದ ಹಿರಿಯಳು. ಆದರೆ ಆ ಪ್ರೀತಿ ಕಟ್ಟಳೆಗೆ ರಿಯಾಯಿತಿ ಕೊಡುವುದಿಲ್ಲ. ಫಣಿಯಮ್ಮನ ಒಳ್ಳೆಯತನಕ್ಕೆ ಆಕೆ ತೆತ್ತ ಬೆಲೆ ಪ್ರತಿ ಪುಟದಲ್ಲೂ ಕಾಣುತ್ತದೆ. ಕೂದಲು ತೆಗೆಸಿಕೊಳ್ಳುವುದಿಲ್ಲ ಎಂದು ಎದ್ದು ನಿಲ್ಲುವ ಎಳೆಯ ವಿಧವೆ ದಾಕ್ಷಾಯಣಿಯ ಪರ ಫಣಿಯಮ್ಮ ನಿಂತಾಗ, ಒಂದು ಜನ್ಮವಿಡೀ ಕಟ್ಟಳೆ ಪಾಲಿಸಿದವಳಿಗೇ ಅದರ ವಿರುದ್ಧ ಮಾತಾಡುವ ಹಕ್ಕು ಹುಟ್ಟುತ್ತದೆ. ಆಕೆ ಮನೆ ಬಿಟ್ಟು ಓಡುವುದಿಲ್ಲ, ದೇವರನ್ನು ಬಿಡುವುದಿಲ್ಲ, ಹಾಗೆಂದು ಕಟ್ಟಳೆಯನ್ನು ಸಮರ್ಥಿಸುವುದೂ ಇಲ್ಲ. ಆಮಿಶ್ ಕಾದಂಬರಿ ಓದಿ ಮೆಚ್ಚಿದವರು ಒಮ್ಮೆ 'ಫಣಿಯಮ್ಮ'ನನ್ನು ಓದಿ ನೋಡಲಿ. ಭಕ್ತಿಯೂ ಸತ್ಯವೂ ಒಂದೇ ಪುಸ್ತಕದಲ್ಲಿ ಇರಲು ಸಾಧ್ಯ ಎಂಬುದು ಕಾಣುತ್ತದೆ.

ಇನ್ನೂ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಆಮಿಶರ ದಾಯಾದಿಗಳಾದ ಮೆನೊನೈಟರು ನಮಗೆ ದೂರದವರಲ್ಲ. ಅಮೆರಿಕದ ಮೆನೊನೈಟ್ ಬ್ರೆದರನ್ ಮಿಷನ್ 1899ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಬಂತು. ಈಗಿನ ತೆಲಂಗಾಣದ ಹಳೆಯ ಮಹಬೂಬ್‌ನಗರ ಜಿಲ್ಲೆ, ಅಂದರೆ ನಮ್ಮ ರಾಯಚೂರಿಗೆ ತಾಗಿದ, ಗಡಿಯಲ್ಲಿ ಕನ್ನಡ ಮಾತಾಡುವ ಹಳ್ಳಿಗಳೂ ಇರುವ ಸೀಮೆ, ಅದರ ಮುಖ್ಯ ಕ್ಷೇತ್ರವಾಯಿತು. ಸಭೆ ಸೇರಿದವರು ಹೆಚ್ಚಿನಂಶ ದಲಿತ ಕೂಲಿಕಾರರು. ಕತ್ತಿ ಹಿಡಿಯದ, ತಿಳಿವಳಿಕೆ ಬಂದ ಮೇಲೆ ದೀಕ್ಷೆ ಪಡೆಯುವ ಅದೇ ಪರಂಪರೆ. ಅವರೂ ಹೊಲದಲ್ಲಿ ದುಡಿದವರು, ಅವರೂ ಸಭೆಯನ್ನು ಮನೆಯೆಂದುಕೊಂಡವರು. ಹೊಲ ಮಾತ್ರ ಅವರದಾಗಿರಲಿಲ್ಲ. ಅವೆನ್ಯೂ ರಸ್ತೆಯ ರಾಶಿಯಲ್ಲಿ ಇವರ ಮುಖವಿರುವ ಒಂದು ಮುಖಪುಟವೂ ನನಗೆ ಕಂಡಿಲ್ಲ. ಬಡತನವನ್ನು ಒಂದು ಸಮುದಾಯ ತಾನಾಗಿ ಆರಿಸಿಕೊಂಡರೆ ಅದು ಸರಳ ಜೀವನವಾಗಿ ಮಾರಾಟವಾಗುತ್ತದೆ. ಜಾತಿಯಿಂದ ಬಂದ ಬಡತನ ಯಾರ ದಣಿವನ್ನೂ ಆರಿಸುವುದಿಲ್ಲ.

ಕಾದಂಬರಿಯಲ್ಲದ ಪ್ರೇರಣೆಯ ಪುಸ್ತಕಗಳ ಮಾತಿಗೆ ಬರೋಣ. ಇಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅಂತರ ಇನ್ನೂ ಹೆಚ್ಚು. 'ಸ್ಟ್ರೀಮ್ಸ್ ಇನ್ ದ ಡೆಸರ್ಟ್' ಎಂಬ ದಿನಧ್ಯಾನದ ಪುಸ್ತಕ 1925ರಿಂದ ಇಂದಿನವರೆಗೆ ಅಚ್ಚಾಗುತ್ತಲೇ ಇದೆ. ಜಪಾನಿನಲ್ಲಿ ಮಿಷನರಿಯಾಗಿದ್ದ ಲೆಟ್ಟಿ ಕೌಮನ್, ಹಾಸಿಗೆ ಹಿಡಿದ ಗಂಡನನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತ ಓದಿ ಕೂಡಿಸಿದ ಬರಹಗಳು ಅವು. ಗಂಡ ವಾಸಿಯಾಗಲಿಲ್ಲ, 1924ರಲ್ಲಿ ತೀರಿಕೊಂಡರು. ಆ ಪುಸ್ತಕಕ್ಕೆ ಬಲ ಬಂದದ್ದು ಅಲ್ಲಿಂದ. ಕೇಳಿದ್ದು ಸಿಗದವಳು ಕೂಡಿಸಿದ್ದನ್ನು ಕೇಳಿದ್ದು ಸಿಗದವರು ಓದುತ್ತಾರೆ. ಆಸ್ವಾಲ್ಡ್ ಚೇಂಬರ್ಸ್ ಹೆಸರಿನ ಪ್ರಸಿದ್ಧ ಧ್ಯಾನಪುಸ್ತಕವೂ ಅವರೇ ಬರೆದದ್ದಲ್ಲ. 1917ರಲ್ಲಿ ಈಜಿಪ್ಟಿನಲ್ಲಿ ಅವರು ಸತ್ತ ಮೇಲೆ, ಅವರ ಉಪನ್ಯಾಸಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡಿದ್ದ ಹೆಂಡತಿ ಹತ್ತು ವರ್ಷಗಳ ನಂತರ ಅದನ್ನು ಸಿದ್ಧಪಡಿಸಿ ಹೊರತಂದರು. ಇಂಥ ಪುಸ್ತಕಗಳಿಗೆ ಒಂದು ಸಹಜ ಕೊರತೆ ಇದೆ: ದೀರ್ಘ ವಾದವೊಂದರಿಂದ ಕತ್ತರಿಸಿದ ಒಂದು ಪುಟ ಆ ದಿನದ ಓದುಗನಿಗೆ ಆಜ್ಞೆಯಂತೆ ಕೇಳಿಸಬಹುದು. ಆದರೂ ಬೆಳಗಿನ ಐದು ನಿಮಿಷವನ್ನು ಶಾಂತವಾಗಿ ಕಳೆಯಲು ಕಲಿಸಿದ ಉಪಕಾರ ಸಣ್ಣದಲ್ಲ.

ಸಿ.ಎಸ್. ಲೂಯಿಸರ ಎರಡು ಪುಸ್ತಕಗಳನ್ನು ಒಟ್ಟಿಗಿಟ್ಟು ನೋಡಬೇಕು. 1940ರಲ್ಲಿ ನೋವಿನ ಸಮಸ್ಯೆಯ ಮೇಲೆ ಬರೆದ ಪುಸ್ತಕ ತರ್ಕಶುದ್ಧ, ಅಚ್ಚುಕಟ್ಟು. 1960ರಲ್ಲಿ ಹೆಂಡತಿ ಕ್ಯಾನ್ಸರಿನಿಂದ ಸತ್ತ ಮೇಲೆ ಬರೆದ 'ಎ ಗ್ರೀಫ್ ಅಬ್ಸರ್ವ್ಡ್' ಅನ್ನು ಅವರು ಮರುವರ್ಷ ಬೇರೆ ಹೆಸರಿನಲ್ಲಿ ಪ್ರಕಟಿಸಿದರು. ಅದರಲ್ಲಿ ದೇವರ ಮೇಲೆ ಸಿಟ್ಟಿದೆ, ಸಂದೇಹವಿದೆ, ಪ್ರಾರ್ಥಿಸಲಾಗದ ರಾತ್ರಿಗಳಿವೆ. ಸಾವಿನ ಮನೆಗೆ ಒಯ್ಯಬೇಕಾದದ್ದು ಎರಡನೆಯದು. ಕೋರಿ ಟೆನ್ ಬೂಮ್ 1971ರಲ್ಲಿ ಪ್ರಕಟಿಸಿದ 'ದಿ ಹೈಡಿಂಗ್ ಪ್ಲೇಸ್' ಸಹ ಈ ಜಾತಿಯದು. ಯಹೂದಿಗಳನ್ನು ಮನೆಯಲ್ಲಿ ಅಡಗಿಸಿಟ್ಟದ್ದಕ್ಕೆ ನಾಜಿ ಶಿಬಿರ ಸೇರಿ, ಅಕ್ಕನನ್ನು ಅಲ್ಲೇ ಕಳೆದುಕೊಂಡವರು, ಯುದ್ಧ ಮುಗಿದ ಮೇಲೆ ಅದೇ ಶಿಬಿರದ ಕಾವಲುಗಾರ ಕ್ಷಮೆ ಕೇಳಿ ಕೈ ಚಾಚಿದಾಗ ತಮ್ಮ ಕೈ ಮೇಲೇಳಲಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಕೈ ಮೇಲೇಳದ ಆ ಗಳಿಗೆಯನ್ನು ಮುಚ್ಚಿಡದೆ ಬರೆದದ್ದರಿಂದಲೇ ಆ ಕ್ಷಮೆಯನ್ನು ನಂಬುತ್ತೇವೆ.

ಇನ್ನೊಂದು ಕಡೆ, ಅಪಘಾತದಲ್ಲಿ ಗಾಯಗೊಂಡ ಹುಡುಗನೊಬ್ಬ ಸ್ವರ್ಗ ನೋಡಿ ಬಂದ ಕಥೆಯೆಂದು 2010ರಲ್ಲಿ ಅಮೆರಿಕದಲ್ಲಿ ಒಂದು ಪುಸ್ತಕ ಬಂತು, ಲಕ್ಷಗಟ್ಟಲೆ ಮಾರಾಟವಾಯಿತು. 2015ರ ಜನವರಿಯಲ್ಲಿ ಆ ಹುಡುಗನೇ ಅದು ನಡೆದದ್ದಲ್ಲ ಎಂದು ಬಹಿರಂಗವಾಗಿ ಹೇಳಿದ. ಪ್ರಕಾಶಕರು ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡರು. ಮಗುವನ್ನು ಕಳೆದುಕೊಂಡು ಆ ಪುಸ್ತಕವನ್ನು ಎದೆಗೊತ್ತಿಕೊಂಡಿದ್ದ ತಾಯಂದಿರಿಗೆ ಯಾರು ಉತ್ತರ ಹೇಳಬೇಕು? ನಂಬಿಕೆಯಿದ್ದರೆ ಕಾಯಿಲೆ ವಾಸಿಯಾಗುತ್ತದೆ, ಸಾಲ ತೀರುತ್ತದೆ ಎಂದು ಮಾತು ಕೊಡುವ ಪುಸ್ತಕಗಳು ಇದಕ್ಕಿಂತ ಕ್ರೂರ. ವಾಸಿಯಾಗದಿದ್ದರೆ ತಪ್ಪು ರೋಗಿಯದೇ ಆಗುತ್ತದೆ. ಸತ್ಯವೇದ ಓದಿದವರಿಗೆ ಈ ಮಾತು ಹೊಸದಲ್ಲ. ಯೋಬನ ಸ್ನೇಹಿತರು ಆಡಿದ್ದು ಇದನ್ನೇ, ನೀನು ಪಾಪ ಮಾಡಿರಬೇಕು ಎಂದು. ಗ್ರಂಥದ ಕೊನೆಯಲ್ಲಿ ದೇವರ ಕೋಪ ಆ ಸ್ನೇಹಿತರ ಮೇಲೆ ತಿರುಗುತ್ತದೆ, ಜಗಳವಾಡಿದ ಯೋಬನ ಮೇಲಲ್ಲ. 150 ಕೀರ್ತನೆಗಳಲ್ಲಿ 88ನೆಯದನ್ನು ತೆರೆದು ನೋಡಿ. ಉಳಿದ ಶೋಕಗೀತೆಗಳೆಲ್ಲ ಹೆಚ್ಚುಕಡಿಮೆ ಕೊನೆಗೊಮ್ಮೆ ಭರವಸೆಯತ್ತ ತಿರುಗುತ್ತವೆ. ಅದು ಮಾತ್ರ ಕತ್ತಲಿನಲ್ಲೇ ಮುಗಿಯುತ್ತದೆ. ಅದನ್ನು ಸಂಪಾದಿಸಿದವರು ತಿದ್ದಲಿಲ್ಲ, ತೆಗೆಯಲಿಲ್ಲ. ಇವತ್ತಿನ ಎಷ್ಟೋ ಪ್ರೇರಣೆಯ ಪುಸ್ತಕಗಳಲ್ಲಿ ಆ ಕೀರ್ತನೆಗೆ ಜಾಗವಿಲ್ಲ.

ಬಸವನಗುಡಿಯ ಮನೆಗಳಲ್ಲಿ ಧ್ಯಾನದ ಪುಸ್ತಕದ ಸ್ಥಾನದಲ್ಲಿ ಬಹುಕಾಲದಿಂದ ಇರುವುದು ಡಿವಿಜಿಯವರ 'ಮಂಕುತಿಮ್ಮನ ಕಗ್ಗ'. 1943ರಲ್ಲಿ ಬಂದ ಆ ಪುಸ್ತಕ ಶುರುವಾದ ಸ್ವಲ್ಪದರಲ್ಲೇ ದೇವರಿದ್ದಾನೆಯೇ, ಈ ಬಾಳಿಗೆ ಅರ್ಥವಿದೆಯೇ ಎಂಬ ಸಂಶಯಗಳನ್ನು ಎತ್ತುತ್ತದೆ. ಸಂಶಯಕ್ಕೆ ಮರ್ಯಾದೆ ಕೊಟ್ಟದ್ದರಿಂದ ಅದರ ಸಮಾಧಾನಕ್ಕೆ ತೂಕ ಬಂತು. ಕ್ರೈಸ್ತ ಧ್ಯಾನಪುಸ್ತಕ ಬರೆಯುವ ಕನ್ನಡಿಗರಿಗೆ ಹತ್ತಿರದಲ್ಲೇ ಇರುವ ಪಾಠ ಅದು.

ಕನ್ನಡಕ್ಕೆ ತನ್ನದೇ ಕ್ರೈಸ್ತ ಬರವಣಿಗೆಯ ದಾರಿ ಇದೆ. ಆಮಿಶರ ಮೂಲನೆಲದ ಆಸುಪಾಸಿನಲ್ಲೇ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1841ರಲ್ಲಿ ಅಚ್ಚುಕೂಟ ತೆರೆಯಿತು. ಕ್ರೈಸ್ತರಾಗಿ ಜಾತಿಯ ಕಸುಬು ಕಳೆದುಕೊಂಡವರಿಗೆ ನೇಯ್ಗೆಯ ಕಾರ್ಖಾನೆ, ಹಂಚಿನ ಕಾರ್ಖಾನೆ ಕಟ್ಟಿತು. ಪ್ರಾರ್ಥನೆ, ಪಾನನಿಷೇಧ, ಸಭೆಯ ಶಿಸ್ತು ಎಲ್ಲ ಸೇರಿ ಅದೂ ಕಟ್ಟಳೆಯ ಸಮುದಾಯವೇ ಆಗಿತ್ತು. ಜಾನ್ ಬನಿಯನ್ನನ ಕೃತಿ 'ಯಾತ್ರಿಕನ ಸಂಚಾರ'ವಾಗಿ 1847ರಲ್ಲಿ ಕನ್ನಡಕ್ಕೆ ಬಂದದ್ದು ಅಲ್ಲಿಂದ. ಅದೇ ಮಿಷನ್ನಿನ ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೆ ತಂದು 'ಕಥಾಮಾಲೆ' ಬರೆದರು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಅಚ್ಚಾದದ್ದೂ ಅದೇ ಅಚ್ಚುಕೂಟದಲ್ಲಿ. ಇಷ್ಟಾದರೂ, ಮತಾಂತರವಾದವನು ಕೊನೆಯಲ್ಲಿ ಸುಖವಾಗಿರುತ್ತಾನೆ ಎಂಬ ಕರಪತ್ರದ ಕಥೆಗೆ ಕನ್ನಡದ ದೊಡ್ಡ ಕಾದಂಬರಿ ಒಪ್ಪಲಿಲ್ಲ. ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ (1933) ಭೂಮಿಯ ಆಸೆಯಿಂದ ಪಾದ್ರಿಯ ಕಡೆ ಹೊರಟ ಚೋಮ ಅರ್ಧ ದಾರಿಯಿಂದ ಮರಳುತ್ತಾನೆ. ಹೋಗಿದ್ದರೆ ಅವನಿಗೆ ನೆಲ ಸಿಗುತ್ತಿತ್ತೇನೋ. ಲೇಖಕ ಅವನನ್ನು ಯಾರ ವಾದಕ್ಕೂ ಬಳಸಿಕೊಳ್ಳುವುದಿಲ್ಲ.

ನಮ್ಮ ನೆಲದ ಅತ್ಯಂತ ಪ್ರಾಮಾಣಿಕ ಸಾಕ್ಷಿಯ ಪುಸ್ತಕ ಯಾವುದೆಂದು ಕೇಳಿದರೆ ನಾನು ಪಂಡಿತಾ ರಮಾಬಾಯಿಯವರದನ್ನು ಹೇಳುತ್ತೇನೆ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡ, ಕಾರ್ಕಳ ಸೀಮೆಯ ಅನಂತಶಾಸ್ತ್ರಿ ಡೋಂಗ್ರೆ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ರಮಾಬಾಯಿ ಹುಟ್ಟಿದ್ದು ಅಲ್ಲಿ, 1858ರಲ್ಲಿ. ಪುರಾಣ ಹೇಳುತ್ತ ಊರೂರು ಅಲೆದ ಕುಟುಂಬದಲ್ಲಿ ತಂದೆ, ತಾಯಿ, ಅಕ್ಕ ಮೂವರೂ 1870ರ ದಶಕದ ಬರಕ್ಕೆ ಬಲಿಯಾದರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1907ರಲ್ಲಿ ಪ್ರಕಟಿಸಿದ ಸಾಕ್ಷಿಯಲ್ಲಿ ಅವರು ಹೇಳುವುದು ಸಾಮಾನ್ಯ ಸಾಕ್ಷಿಕಾರರು ಹೇಳದ ಮಾತು: ದೀಕ್ಷೆ ಪಡೆದು ಎಂಟು ವರ್ಷ ಕಳೆದರೂ ತಮಗೆ ಸಿಕ್ಕಿದ್ದು ಒಂದು ಮತ ಮಾತ್ರ, ಕ್ರಿಸ್ತನಲ್ಲ ಎಂದು. ತಮ್ಮನ್ನು ಸಾಕಿದ ಆಂಗ್ಲಿಕನ್ ಸನ್ಯಾಸಿನಿಯರೊಡನೆಯೂ ಅವರು ಪತ್ರಗಳಲ್ಲಿ ಸಿದ್ಧಾಂತದ ಮೇಲೆ ಜಗಳವಾಡಿದರು, ಹೇಳಿದ್ದನ್ನೆಲ್ಲ ನಂಬಲಾರೆ ಎಂದರು. ಆ ಎಂಟು ವರ್ಷಗಳನ್ನು ಅಡಗಿಸದೆ ಬರೆದ ಧೈರ್ಯ ಎಲ್ಲ ಸಾಕ್ಷಿಗಳಿಗೂ ಬರಬೇಕಾಗಿತ್ತು.

ಚನ್ನಪ್ಪ ಉತ್ತಂಗಿಯವರು ಇನ್ನೊಂದು ಬಾಗಿಲು ತೆರೆದರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಷನ್ನಿನ ಪಾದ್ರಿಯಾದವರು. ಸೇವೆಗಾಗಿ ತಿರುಗಿದ ಹಳ್ಳಿಗಳಲ್ಲಿ ಸರ್ವಜ್ಞನ ತ್ರಿಪದಿಗಳನ್ನು ಆಯ್ದು ಕೂಡಿಸಿ 1924ರಲ್ಲಿ ಹೊರತಂದರು. ಸರ್ವಜ್ಞನನ್ನು ಅಷ್ಟು ದೊಡ್ಡದಾಗಿ ಒಂದೆಡೆ ಸೇರಿಸಿದ ಮೊದಲಿಗರು ಅವರು. ಅನುಭವ ಮಂಟಪದ ಚರಿತ್ರೆಯ ಮೇಲೂ ಬರೆದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'ಯಲ್ಲಿ ಕ್ರಿಸ್ತನ ಮಾತನ್ನು ಹಿಂದೂ ಓದುಗರ ಮುಂದೆ, ಅವರನ್ನು ಸರಿಸಮಾನರೆಂದು ಬಗೆದು ಇಟ್ಟರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ಗಡಿಯಾಚೆ ಮಂಜೇಶ್ವರದಲ್ಲಿ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದರು. ಬುದ್ಧನ ಕೊನೆಯ ದಿನದ ಮೇಲೆ 'ವೈಶಾಖಿ' ಬರೆದ ಕೈಯೂ ಅದೇ. ಕನ್ನಡದಲ್ಲಿ ಕ್ರೈಸ್ತ ಬರವಣಿಗೆ ಎತ್ತರಕ್ಕೇರಿದ್ದು ಅದು ಪಕ್ಕದ ಮನೆಯವರೂ ಓದುತ್ತಾರೆಂದು ತಿಳಿದು ಬರೆದಾಗ. ನಮ್ಮವರಷ್ಟೇ ಓದುತ್ತಾರೆಂದು ಬರೆದ ಪುಸ್ತಕ ತನ್ನ ತಪ್ಪುಗಳನ್ನು ತಾನೇ ಕಾಣಲಾರದು.

ಕಾದಂಬರಿಯಲ್ಲಿ ಈ ಮಾತಿಗೆ ನಾ. ಡಿಸೋಜರೇ ಸಾಕು. ಸಾಗರದಲ್ಲಿ ಬಾಳಿ, 2014ರ ಮಡಿಕೇರಿ ಸಮ್ಮೇಳನದ ಅಧ್ಯಕ್ಷರಾಗಿ, 2025ರ ಜನವರಿಯಲ್ಲಿ ತೀರಿಕೊಂಡ ಅವರ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಮಲೆನಾಡಿನಲ್ಲಿ ಇಗರ್ಜಿಯನ್ನು ನಡುವಿಟ್ಟುಕೊಂಡು ಬದುಕುವ ಕ್ರೈಸ್ತರ ಕಥೆ. 'ದ್ವೀಪ' ಮತ್ತು 'ಮುಳುಗಡೆ'ಯಲ್ಲಿ ಶರಾವತಿಯ ನೀರಿಗೆ ಮನೆ ಕಳೆದುಕೊಂಡವರನ್ನು ಬರೆದ ಅದೇ ಕಾಳಜಿಯಿಂದ ಅವರು ತಮ್ಮ ಸಮುದಾಯವನ್ನೂ ಬರೆದರು. ಅದನ್ನು ಓದಲು ಕ್ರೈಸ್ತರಾಗಬೇಕಿಲ್ಲ.

ಬೆಂಗಳೂರಿನ ಹಳೆಯ ಪೇಟೆಗಳಿಗೆ ಅಂಥ ಕಾದಂಬರಿ ಇನ್ನೂ ಬಂದಂತಿಲ್ಲ. ಬಿನ್ನಿಪೇಟೆಗೆ ಹೆಸರು ಕೊಟ್ಟ ಗಿರಣಿ 1884ರಲ್ಲಿ ಶುರುವಾಗಿ, ತಮಿಳು, ತೆಲುಗು, ಕನ್ನಡ ಮಾತಾಡುವ ಸಾವಿರಾರು ಕಾರ್ಮಿಕರನ್ನು ಒಂದೇ ಸೈರನ್ನಿಗೆ ಏಳಿಸಿತು. ಅವರಲ್ಲಿ ಕ್ರೈಸ್ತ ಕುಟುಂಬಗಳೂ ಇದ್ದವು. ಗಿರಣಿ ಮುಚ್ಚಿದ ಮೇಲೆ ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ, ಮಾಲ್ ಇದೆ. ಮುಷ್ಕರದ ದಿನಗಳಲ್ಲಿ ಸಭೆಯವರು ಏನೆಂದು ಪ್ರಾರ್ಥಿಸಿದರು, ಯೂನಿಯನ್ನಿನವನೂ ಮೇಸ್ತ್ರಿಯೂ ಭಾನುವಾರ ಒಂದೇ ಬೆಂಚಿನಲ್ಲಿ ಹೇಗೆ ಕೂತರು, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ಆಡಿದ ಮಕ್ಕಳು ಯಾವ ಭಾಷೆಯಲ್ಲಿ ತಪ್ಪೊಪ್ಪಿಕೊಂಡರು, ಜಾತಿ ಚರ್ಚಿನ ಬಾಗಿಲಲ್ಲಿ ಉಳಿಯಿತೇ ಅಥವಾ ಒಳಗೂ ಬಂತೇ: ಬರೆಯಬೇಕಾದ ಪ್ರಶ್ನೆಗಳು ಇವು. ಗಿರಣಿ ಕಾರ್ಮಿಕರ ಚರಿತ್ರೆಯನ್ನು ಜಾನಕಿ ನಾಯರ್ ಅವರು 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' ಗ್ರಂಥದಲ್ಲಿ ಆಗಲೇ ಬರೆದಿಟ್ಟಿದ್ದಾರೆ. ಚರ್ಚುಗಳಲ್ಲಿ ದೀಕ್ಷೆ, ಮದುವೆ, ಮಣ್ಣಿನ ದಾಖಲೆ ಪುಸ್ತಕಗಳಿರುತ್ತವೆ. ಗಿರಣಿಯಲ್ಲಿ ಪಾಳಿ ಮಾಡಿದವರಲ್ಲಿ ಕೆಲವರು ಇನ್ನೂ ಇದ್ದಾರೆ, ಎಂಬತ್ತು ದಾಟಿದ್ದಾರೆ. ಬರೆಯುವವರು ಯಾರೇ ಆಗಲಿ, ಮೊದಲು ಅವರ ಬಳಿ ಹೋಗಬೇಕು, ಈ ವರ್ಷವೇ.